ಸಂಸತ್ತು ಬಿಟ್ಟು ಪ್ರಾಂತ್ಯಕ್ಕೆ ಇಳಿದ ಟಾಮಿ ಡಗ್ಲಾಸ್: ಇದು ಡಿಮೋಷನ್ನಾ?

ಶಿರಸಿ_ರೆಜೈನಾ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಶಾಲೆಯಲ್ಲಿ ಟಾಮಿ ಡಗ್ಲಾಸ್ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ, ಕೆನಡಾದ ಸರ್ಕಾರಿ ಆರೋಗ್ಯ ವಿಮೆಗೆ ಬುನಾದಿ ಹಾಕಿದ ರಾಜಕಾರಣಿ. ನಾನು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯಕ್ಕೆ ಬಂದು ನಾಲ್ಕು ವರ್ಷ ಆಯಿತು. ಆ ವಿಮೆಯ ಹೆಲ್ತ್ ಕಾರ್ಡ್ ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತೇನೆ. ಆದರೆ ಆ ಮನುಷ್ಯನ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ನಾಚಿಕೆ ಆಯಿತು.

ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಚಾರ್ಟ್ ಹರಡಿಕೊಂಡು ಇಬ್ಬರೂ ಇಸವಿ ಬರೆದೆವು. 1935ರಲ್ಲಿ ರಾಜಧಾನಿ ಒಟ್ಟಾವಾದ ಸಂಸತ್ತಿಗೆ ಆಯ್ಕೆ. 1944ರಲ್ಲಿ ಅದನ್ನು ಬಿಟ್ಟು ಸಸ್ಕಾಚೆವಾನ್ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಹದಿನೇಳು ವರ್ಷ ಅಲ್ಲೇ. 1961ರಲ್ಲಿ ಮತ್ತೆ ಒಟ್ಟಾವಾ ಕಡೆ. 1979ರಲ್ಲಿ ನಿವೃತ್ತಿ. ಬರೆದು ಮುಗಿಸುವಷ್ಟರಲ್ಲಿ ಮಗಳು ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು: "ಅಪ್ಪಾ, ಇವರು 1944ರಲ್ಲಿ ಡಿಮೋಷನ್ ತಗೊಂಡ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇಶದ ಸಂಸತ್ತಿನಲ್ಲಿ ಕೂತವರು ಹತ್ತು ಲಕ್ಷ ಜನ ಕೂಡ ಇಲ್ಲದ ಪ್ರಾಂತ್ಯಕ್ಕೆ ಯಾಕೆ ಹೋಗುತ್ತಾರೆ? ತಿಳಿದವರು ಹೇಳಿ.

ಮಂಡ್ಯದ_ಬೆಲ್ಲ
ಡಿಮೋಷನ್ನಾ? ನಿಮ್ಮ ಮಗಳು ಕೆನಡಾದಲ್ಲಿ ಬೆಳೆದವಳು, ಅದಕ್ಕೇ ಹಾಗೆ ಕೇಳಿದಳು. ನಮ್ಮೂರಲ್ಲಿ ಕೇಳಿ ನೋಡಿ. ಎಂಪಿ ಅಂದರೆ ದಿಲ್ಲಿಗೆ ಹೋಗಿ ಕೂತವನು. ಎಂಎಲ್ಎ ಅಂದರೆ ಚರಂಡಿ, ಟ್ರಾನ್ಸ್‌ಫಾರ್ಮರ್, ವರ್ಗಾವಣೆ, ಎಲ್ಲ ಅವನದೇ. ಮದುವೆ ಮನೆಗೆ ಯಾರು ಬಂದರೆ ಜನ ಎದ್ದು ನಿಲ್ಲುತ್ತಾರೆ ಅಂತ ನೋಡಿದರೆ ಸಾಕು.

ವೆಯ್ಬರ್ನ್_ಮೇಷ್ಟ್ರು
ಶಿರಸಿಯವರೇ, ಚಾರ್ಟಿನಲ್ಲಿ ಒಂದು ಇಸವಿ ಬಿಟ್ಟಿದ್ದೀರಿ. ಅವರು ಮೊದಲು ನಿಂತಿದ್ದು ಸಂಸತ್ತಿಗಲ್ಲ, 1934ರ ಪ್ರಾಂತ್ಯದ ಚುನಾವಣೆಗೆ. ಸೋತರು. ಮಾರನೇ ವರ್ಷ ಸಂಸತ್ತಿಗೆ ನಿಂತು ಗೆದ್ದರು. ಅಂದರೆ ಪ್ರಾಂತ್ಯವೇ ಅವರ ಮೊದಲ ಆಸೆ ಅಂತಲೂ ಹೇಳಬಹುದು.

ನಾನಿರುವುದು ಸಸ್ಕಾಚೆವಾನ್‌ನ ಊರಾದ ವೆಯ್ಬರ್ನ್‌ನಲ್ಲೇ. ಡಗ್ಲಾಸ್ 1930ರಲ್ಲಿ ಇಲ್ಲಿಗೆ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿ ಬಂದರು. ಆಗ ಮಳೆ ಇಲ್ಲ, ಗೋಧಿಗೆ ಬೆಲೆ ಇಲ್ಲ, ಹೊಲದ ಮಣ್ಣೆಲ್ಲ ಧೂಳಾಗಿ ಹಾರಿ ಹೋಗುತ್ತಿತ್ತು. ಆ ಹತ್ತು ವರ್ಷದ ಬಗ್ಗೆ ಇಲ್ಲಿನ ಹಳಬರು ಈಗಲೂ ತಗ್ಗಿದ ದನಿಯಲ್ಲೇ ಮಾತಾಡುತ್ತಾರೆ. ಬೆಳಗ್ಗೆ ತಟ್ಟೆಯನ್ನು ಬೋರಲು ಹಾಕಿ ಇಡುತ್ತಿದ್ದರಂತೆ, ಊಟಕ್ಕೆ ಕೂತಾಗ ತಿರುಗಿಸಿದರೆ ಮೇಜಿನ ಮೇಲೆ ತಟ್ಟೆಯ ಗುಂಡಗಿನ ಗುರುತು, ಸುತ್ತ ಧೂಳು. ಪಕ್ಕದ ಮನೆ ಅಜ್ಜಿ ಹೇಳಿದ್ದು. ಅಂಥ ಊರಲ್ಲಿ ಪಾದ್ರಿ ಭಾನುವಾರ ಪ್ರಾರ್ಥನೆ ಮಾಡಿಸಿ ಸುಮ್ನೆ ಕೂರುವುದು ಕಷ್ಟ. ಆತ ಬಟ್ಟೆ, ಆಹಾರ ಹಂಚಲು ಶುರು ಮಾಡಿದರು. ಆಮೇಲೆ ರಾಜಕೀಯ.

ಕರಾವಳಿ_ಕೋರಿರೊಟ್ಟಿ
ಪಾದ್ರಿ ಮಾತ್ರ ಅಲ್ಲ ಮಾರಾಯ್ರೆ, ಬಾಕ್ಸರ್ ಕೂಡ! 1922ರಲ್ಲಿ ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದ ಲೈಟ್‌ವೆಯ್ಟ್ ಚಾಂಪಿಯನ್. ಮೂಗು ಮುರಿಸಿಕೊಂಡು, ಹಲ್ಲು ಉದುರಿಸಿಕೊಂಡು ಗೆದ್ದದ್ದು. ಪ್ರಾಜೆಕ್ಟಿನಲ್ಲಿ ಇದನ್ನು ಹಾಕದಿದ್ದರೆ ಮಾರ್ಕ್ಸ್ ಇಲ್ಲ.

ನರ್ಸಕ್ಕ_ತುಮಕೂರು
ಕಾಲಿನ ಕತೆ ಯಾರೂ ಹೇಳಲಿಲ್ಲವಲ್ಲ! ಅದೇ ಮುಖ್ಯ.

ಸ್ಕಾಟ್ಲೆಂಡಿನ ಫಾಲ್‌ಕರ್ಕ್‌ನಲ್ಲಿ 1904ರಲ್ಲಿ ಹುಟ್ಟಿದ ಹುಡುಗ. ಬಿದ್ದು ಮೊಣಕಾಲಿಗೆ ಪೆಟ್ಟಾಯಿತು, ಅದು ಮೂಳೆಯ ಸೋಂಕಾಗಿ ಕೂತಿತು. ಆಂಟಿಬಯೋಟಿಕ್ ಇಲ್ಲದ ಕಾಲ ಅದು. ಮೂಳೆಗೆ ಕೀವು ಹಿಡಿದರೆ ಒಂದೇ ದಾರಿ, ಕಾಲು ತೆಗೆಯೋದು. ಕುಟುಂಬ ಕೆನಡಾದ ವಿನ್ನಿಪೆಗ್‌ಗೆ ಬಂದ ಮೇಲೆ ಅಲ್ಲಿನ ಡಾಕ್ಟರುಗಳೂ ಅದನ್ನೇ ಹೇಳಿದರು. ಅಪ್ಪ ಎರಕದ ಕೆಲಸದವರು, ದೊಡ್ಡ ಸರ್ಜನ್ ಹತ್ತಿರ ಹೋಗಲು ದುಡ್ಡೆಲ್ಲಿ? ಅಷ್ಟರಲ್ಲಿ ಒಬ್ಬ ಮೂಳೆ ತಜ್ಞರು ವಾರ್ಡಿನಲ್ಲಿ ಹುಡುಗನನ್ನು ನೋಡಿದರು. "ನನ್ನ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪಿದರೆ ಪುಕ್ಕಟೆ ಆಪರೇಷನ್ ಮಾಡುತ್ತೇನೆ" ಅಂದರಂತೆ. ಕಾಲು ಉಳಿಯಿತು.

ಡಗ್ಲಾಸ್ ಇದನ್ನು ಜೀವನಪೂರ್ತಿ ಹೇಳಿಕೊಂಡು ಬಂದರು. ಆದರೆ ಡಾಕ್ಟರ ದೊಡ್ಡತನ ಹೊಗಳೋಕೆ ಹೇಳಿದ್ದಲ್ಲ. ಒಬ್ಬ ಬಡವನ ಮಗನ ಕಾಲು ಉಳಿಯುತ್ತೋ ಇಲ್ಲವೋ ಅನ್ನುವುದು ಆ ದಿನ ವಾರ್ಡಿಗೆ ಯಾರು ಬಂದರು ಅನ್ನುವುದರ ಮೇಲೆ ನಿಲ್ಲಬಾರದು, ಅದೇ ಅವರ ಮಾತು. ನಾನು ದಿನಾ ವಾರ್ಡಿನಲ್ಲಿ ನಿಲ್ಲುವವಳು. ನನಗೆ ಇದು ಬೇಗ ಅರ್ಥ ಆಗುತ್ತದೆ.

ಕರಾವಳಿ_ಕೋರಿರೊಟ್ಟಿ
ಅಕ್ಕ, ಅದೇ ಕಾಲು ಇನ್ನೊಮ್ಮೆ ಉಳಿಸಿತು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಎಂಪಿ ಆಗಿದ್ದವರೇ ಸೈನ್ಯ ಸೇರಿದರು. ವಿನ್ನಿಪೆಗ್ ಗ್ರೆನೇಡಿಯರ್ಸ್ ಜೊತೆ ಹೊರಡುವ ಹೊತ್ತಿಗೆ ವೈದ್ಯಕೀಯ ಪರೀಕ್ಷೆಯಲ್ಲಿ ಹಳೆ ಕಾಲು ಸಿಕ್ಕಿಬಿತ್ತು, ಹೋಗಲಾಗಲಿಲ್ಲ. ಆ ಪಡೆ ಹೋದದ್ದು ಹಾಂಗ್‌ಕಾಂಗ್‌ಗೆ. 1941ರ ಡಿಸೆಂಬರ್‌ನಲ್ಲಿ ಅಲ್ಲಿದ್ದವರು ಸತ್ತರು, ಇಲ್ಲವೇ ಜಪಾನೀಯರ ಕೈಗೆ ಸಿಕ್ಕರು.

ಲೆಕ್ಕದ_ಶ್ಯಾನುಭೋಗ
ಕತೆ ಚೆನ್ನಾಗಿದೆ. ಆದರೆ ಮಗಳ ಪ್ರಶ್ನೆಗೆ ಉತ್ತರ ಕಾಲಿನಲ್ಲಿಲ್ಲ, ಸಂವಿಧಾನದಲ್ಲಿದೆ.

ಕೆನಡಾದ 1867ರ ಕಾನೂನಿನ ಪ್ರಕಾರ ಆಸ್ಪತ್ರೆ ಪ್ರಾಂತ್ಯದ ವಿಷಯ. ನಮ್ಮಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿವೆ ಅಲ್ವಾ, ಹಾಗೇ. ಡಗ್ಲಾಸ್ ಒಟ್ಟಾವಾದಲ್ಲಿ ಒಂಬತ್ತು ವರ್ಷ ಭಾಷಣ ಮಾಡಿದರು. ಅವರ ಸಮಾಜವಾದಿ ಪಕ್ಷ ಸಿ.ಸಿ.ಎಫ್.ಗೆ ಅಲ್ಲಿ ಬೆರಳೆಣಿಕೆಯ ಸೀಟು. ಮಾತು ದಾಖಲೆಗೆ ಹೋಗುತ್ತಿತ್ತು, ಕೆಲಸ ಆಗುತ್ತಿರಲಿಲ್ಲ. ಆಸ್ಪತ್ರೆ ಮುಟ್ಟಬೇಕು ಅಂದರೆ ಬೀಗದ ಕೈ ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿತ್ತು. ಅದಕ್ಕೇ 1944ರಲ್ಲಿ ಹೋದರು. 52 ಸೀಟಿನಲ್ಲಿ 47 ಗೆದ್ದರು. ಉತ್ತರ ಅಮೆರಿಕದಲ್ಲೇ ಮೊದಲ ಸಮಾಜವಾದಿ ಸರ್ಕಾರ ಅಂತ ಎಲ್ಲ ಪುಸ್ತಕದಲ್ಲೂ ಬರೆಯುತ್ತಾರೆ.

ಆರೋಗ್ಯ ಖಾತೆಯನ್ನು ಯಾರಿಗೂ ಕೊಡದೆ ತಾವೇ ಇಟ್ಟುಕೊಂಡರು. ಇದನ್ನು ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ.

ಹುಬ್ಬಳ್ಳಿ_ಗಿರ್ಮಿಟ್
ನಮ್ಮ ಕಡೆ ಹೋಗಿ ಬರೋದು ಮಾಮೂಲು ಬಿಡ್ರಿ. ಕುಮಾರಸ್ವಾಮಿಯವರನ್ನ ನೋಡ್ರಿ: 1996ರಲ್ಲಿ ಕನಕಪುರದಿಂದ ಎಂಪಿ, 2004ರಲ್ಲಿ ರಾಮನಗರದಿಂದ ಎಂಎಲ್ಎ, 2006ರಲ್ಲಿ ಮುಖ್ಯಮಂತ್ರಿ, 2009ರಲ್ಲಿ ಮತ್ತೆ ಎಂಪಿ, 2013ರಲ್ಲಿ ಎಂಎಲ್ಎ, 2018ರಲ್ಲಿ ಮತ್ತೆ ಮುಖ್ಯಮಂತ್ರಿ, 2024ರಲ್ಲಿ ಮಂಡ್ಯದಿಂದ ಎಂಪಿ. ಯಡಿಯೂರಪ್ಪನವರು 2014ರಲ್ಲಿ ಶಿವಮೊಗ್ಗದ ಎಂಪಿ, 2018ರಲ್ಲಿ ಶಿಕಾರಿಪುರಕ್ಕೆ ವಾಪಸ್. ಬಸ್ಸಿನ ರಿಟರ್ನ್ ಟಿಕೆಟ್ ಇದ್ದಂಗ.

ಮಂಡ್ಯದ_ಬೆಲ್ಲ
ಎಸ್.ಎಂ. ಕೃಷ್ಣ ಅವರನ್ನು ಮರೆತಿರಾ? 1962ರಲ್ಲಿ ಮದ್ದೂರಿನಿಂದ ವಿಧಾನಸಭೆ, 1968ರಲ್ಲಿ ಮಂಡ್ಯದಿಂದ ಲೋಕಸಭೆ, 1999ರಲ್ಲಿ ಮುಖ್ಯಮಂತ್ರಿ, 2009ರಲ್ಲಿ ವಿದೇಶಾಂಗ ಮಂತ್ರಿ. ನಮ್ಮ ಜಿಲ್ಲೆ ಸ್ವಾಮಿ.

ಹುಬ್ಬಳ್ಳಿ_ಗಿರ್ಮಿಟ್
ಮದ್ದೂರು ವಡೆ ಒಂದು ಬಿಟ್ಟು ಎಲ್ಲ ಹೇಳಿದ್ರಿ.

ನಿರ್ವಾಹಕರು
ಕರ್ನಾಟಕ ರಾಜಕೀಯಕ್ಕೆ ಬೇರೆ ಚರ್ಚೆ ಇದೆ. ವಡೆಗೂ ಇದೆ. ವಿಷಯಕ್ಕೆ ಬನ್ನಿ.

ಕಾನೂನು_ಕಟ್ಟೆ
ವಿಷಯಕ್ಕೇ ಬರುತ್ತೇನೆ. ಎರಡೂ ಕಡೆ ಒಟ್ಟಿಗೆ ಕೂರಬಹುದಾ ಅಂತ ಯಾರೂ ಕೇಳಲಿಲ್ಲ. ಕೆನಡಾದಲ್ಲಿ ಒಂದು ಕಾಲದಲ್ಲಿ ಕೂರಬಹುದಿತ್ತು! ಒಂಟಾರಿಯೊದ ಮೊದಲ ಪ್ರೀಮಿಯರ್ ಜಾನ್ ಸ್ಯಾಂಡ್‌ಫೀಲ್ಡ್ ಮ್ಯಾಕ್‌ಡೊನಾಲ್ಡ್, ಕ್ವಿಬೆಕ್‌ನ ಮೊದಲ ಪ್ರೀಮಿಯರ್ ಶೋವೊ, ಇಬ್ಬರೂ ಪ್ರೀಮಿಯರ್ ಆಗಿದ್ದುಕೊಂಡೇ ಒಟ್ಟಾವಾದಲ್ಲೂ ಸದಸ್ಯರು. 1870ರ ದಶಕದಲ್ಲಿ ಅದನ್ನು ನಿಲ್ಲಿಸಿದರು. ಭಾರತದಲ್ಲಂತೂ ಎರಡೂ ಕಡೆ ಗೆದ್ದರೆ 14 ದಿನದೊಳಗೆ ವಿಧಾನಸಭೆ ಸ್ಥಾನ ಬಿಡಬೇಕು. ಬಿಡದಿದ್ದರೆ ಸಂಸತ್ತಿನ ಸ್ಥಾನ ತಾನೇ ಖಾಲಿ. ಕೆನಡಾದಲ್ಲೂ ಆ ದಾರಿ ಮುಚ್ಚಿತ್ತು, ಹಾಗಾಗಿಯೇ ಡಗ್ಲಾಸ್ 1944ರ ಚುನಾವಣೆಗೆ ಮೊದಲೇ ಎಂಪಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದು. ಸೋತಿದ್ದರೆ ಎರಡೂ ಇಲ್ಲ.

ಶಿರಸಿ_ರೆಜೈನಾ
ಇದು ಗೊತ್ತಿರಲಿಲ್ಲ! ಅಂದರೆ ಕೈಯಲ್ಲಿದ್ದದ್ದನ್ನು ಬಿಟ್ಟೇ ಹೊರಟರು. ಹಾಗಾದರೆ ಬಂದ ಕೂಡಲೇ ಎಲ್ಲರಿಗೂ ಪುಕ್ಕಟೆ ಡಾಕ್ಟರ್ ಮಾಡಿಬಿಟ್ಟರಾ?

ಲೆಕ್ಕದ_ಶ್ಯಾನುಭೋಗ
ಅಲ್ಲೇ ಇರೋದು ಸ್ವಾರಸ್ಯ. ಇಲ್ಲ. ಹದಿನೆಂಟು ವರ್ಷ ಹಿಡಿಯಿತು.

1947ರ ಜನವರಿ 1ಕ್ಕೆ ಆಸ್ಪತ್ರೆ ವಿಮೆ ಶುರು. ಒಬ್ಬರಿಗೆ ವರ್ಷಕ್ಕೆ 5 ಡಾಲರ್, ಇಡೀ ಕುಟುಂಬಕ್ಕೆ ಎಷ್ಟೇ ಜನ ಇದ್ದರೂ 30 ಡಾಲರ್ ಮೀರುವಂತಿಲ್ಲ. ಗಮನಿಸಿ, ಇದು ಆಸ್ಪತ್ರೆ ಸೇರಿದರೆ ಮಾತ್ರ. ಹೊರಗೆ ಡಾಕ್ಟರ ಫೀಸು ಕೈಯಿಂದಲೇ. ಅದಕ್ಕೂ ಮೊದಲು 1946ರಲ್ಲಿ ಸ್ವಿಫ್ಟ್ ಕರೆಂಟ್ ಅನ್ನುವ ಒಂದು ಭಾಗದಲ್ಲಿ ಡಾಕ್ಟರ ಖರ್ಚನ್ನೂ ಸೇರಿಸಿ ಪ್ರಯೋಗ ಮಾಡಿ ನೋಡಿದ್ದರು. ಉಳಿದ ಕಡೆ ಮಾಡಲು ದುಡ್ಡಿರಲಿಲ್ಲ.

ಹಣಕಾಸು ನೋಡುತ್ತಿದ್ದವರು ಕ್ಲಾರೆನ್ಸ್ ಫೈನ್ಸ್. ಆ ಮನುಷ್ಯನ ಹೆಸರು ಯಾರೂ ಹೇಳುವುದಿಲ್ಲ, ನನಗೆ ಅದೇ ಬೇಜಾರು. ಸಮಾಜವಾದಿ ಸರ್ಕಾರ ಅಂದರೆ ಸಾಲ ಮಾಡಿ ಹಂಚುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಇವರು ವರ್ಷ ವರ್ಷವೂ ಉಳಿಸಿ ಹಳೆ ಸಾಲ ತೀರಿಸಿದರು. ಮನೆ ಯಜಮಾನಿ ಡಬ್ಬಿಯಲ್ಲಿ ಕಾಸು ಕೂಡಿಟ್ಟ ಹಾಗೆ.

ಆಮೇಲೆ ತಿರುವು. 1957ರಲ್ಲಿ ಒಟ್ಟಾವಾ ಒಂದು ಕಾನೂನು ಮಾಡಿತು: ಯಾವ ಪ್ರಾಂತ್ಯ ಆಸ್ಪತ್ರೆ ವಿಮೆ ನಡೆಸುತ್ತದೋ ಅದರ ಖರ್ಚಿನಲ್ಲಿ ಸುಮಾರು ಅರ್ಧ ಕೇಂದ್ರದ್ದು. 1958ರ ಜುಲೈನಿಂದ ಹಣ ಬಂತು. ಸಸ್ಕಾಚೆವಾನ್ ಅಷ್ಟು ವರ್ಷ ಒಂಟಿಯಾಗಿ ಹೊತ್ತಿದ್ದ ಹೊರೆಯ ಅರ್ಧ ಇಳಿಯಿತು. ಉಳಿದ ದುಡ್ಡನ್ನು ಬೇರೆಯವರಾಗಿದ್ದರೆ ರಸ್ತೆಗೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಡಗ್ಲಾಸ್ 1959ರ ಕೊನೆಯಲ್ಲಿ ಡಾಕ್ಟರ ಫೀಸಿನ ವಿಮೆ ಘೋಷಿಸಿದರು. 1960ರ ಚುನಾವಣೆ ಅದರ ಮೇಲೇ ನಡೆಯಿತು, ಗೆದ್ದರು. ಸತತ ಐದನೇ ಗೆಲುವು.

ದಾವಣಗೆರೆ_ಬೆಣ್ಣೆದೋಸೆ
5 ಡಾಲರ್ ಕೇಳಿ ಯಶಸ್ವಿನಿ ನೆನಪಾಯಿತು. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ಸದಸ್ಯರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನಮ್ಮ ದೊಡ್ಡಪ್ಪ ಹಾಲಿನ ಡೈರಿ ಪುಸ್ತಕದ ಒಳಗೆ ಆ ಕಾರ್ಡು ಇಟ್ಟುಕೊಂಡಿದ್ದರು. ಅದರಲ್ಲೇ ಹರ್ನಿಯಾ ಆಪರೇಷನ್ ಆಯಿತು. ಅದೂ ಮುಖ್ಯವಾಗಿ ಆಪರೇಷನ್‌ಗೆ. ಎಲ್ಲ ಕಡೆ ಮೊದಲ ಮೆಟ್ಟಿಲು ಒಂದೇ ಥರ ಇರುತ್ತದೇನೋ.

ಖಡಕ್_ರೊಟ್ಟಿ
ಎಲ್ಲರೂ ಪೂಜೆ ಮಾಡಿ ಮುಗಿಸಿದಿರಾ? ಈಗ ನಾನು ಮಾತಾಡುತ್ತೇನೆ.

ಹೋದ ಜನವರಿ, ಹೊರಗೆ ಮೈನಸ್ 34. ಮಗನಿಗೆ ಕೈ ಮುರಿದಿತ್ತು. ಎಮರ್ಜೆನ್ಸಿಯಲ್ಲಿ ಏಳು ಗಂಟೆ ಕೂತೆವು. ಪ್ಲಾಸ್ಟಿಕ್ ಕುರ್ಚಿ, ವೆಂಡಿಂಗ್ ಮಷಿನ್ನಿನ ಚಿಪ್ಸು, ಗೋಡೆ ಮೇಲೆ ಸದ್ದಿಲ್ಲದೆ ಓಡುವ ಟಿವಿ. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಬೆಂಗಳೂರಿನಲ್ಲಾಗಿದ್ದರೆ ಮುಕ್ಕಾಲು ಗಂಟೆಯಲ್ಲಿ ಎಕ್ಸ್‌ರೇ ಆಗಿ, ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದಿರುತ್ತಿದ್ದೆವು. ಹಲ್ಲಿಗೆ ಬೇರೆ ವಿಮೆ, ಔಷಧಿಗೆ ಬೇರೆ. ಇದಕ್ಕಾ 2004ರಲ್ಲಿ ಟಿವಿಯವರು ವೋಟ್ ಹಾಕಿಸಿ "ಅತಿ ಶ್ರೇಷ್ಠ ಕೆನೇಡಿಯನ್" ಅಂತ ಬಿರುದು ಕೊಟ್ಟಿದ್ದು?

ನರ್ಸಕ್ಕ_ತುಮಕೂರು
ಏಳು ಗಂಟೆ ಕೂತದ್ದು ತಪ್ಪೇ. ನಾನು ಆ ಕೌಂಟರಿನ ಈಚೆ ನಿಂತವಳು, ನಿಮ್ಮ ಸಿಟ್ಟು ದಿನಾ ನೋಡುತ್ತೇನೆ. ಆದರೆ ಅಣ್ಣ, ಹೊರಡುವಾಗ ಬಿಲ್ ಎಷ್ಟಾಯಿತು?

ಖಡಕ್_ರೊಟ್ಟಿ
ಪಾರ್ಕಿಂಗ್ 16 ಡಾಲರ್.

ನರ್ಸಕ್ಕ_ತುಮಕೂರು
ಸರಿ ಹಾಗಾದರೆ.

ಖಡಕ್_ರೊಟ್ಟಿ
ಅದು ಉತ್ತರ ಅಲ್ಲ ಅಕ್ಕ. ಬಿಲ್ ಇಲ್ಲ ಅಂತ ಕಾಯಿಸಬಹುದಾ? 1962ರಲ್ಲಿ ಡಾಕ್ಟರುಗಳು ಮುಷ್ಕರ ಮಾಡಿದಾಗಲೂ ಡಗ್ಲಾಸ್ ಹಟಕ್ಕೆ ಬಿದ್ದು ಜನರನ್ನು ಕಾಯಿಸಿದರು ಅಂತ ಓದಿದ್ದೇನೆ.

ವೆಯ್ಬರ್ನ್_ಮೇಷ್ಟ್ರು
ತಪ್ಪು ಓದಿದ್ದೀರಿ. ಮುಷ್ಕರ ಆದಾಗ ಡಗ್ಲಾಸ್ ಪ್ರೀಮಿಯರ್ ಆಗಿರಲೇ ಇಲ್ಲ! 1961ರ ಆಗಸ್ಟ್‌ನಲ್ಲಿ, ಸಿ.ಸಿ.ಎಫ್. ಜಾಗಕ್ಕೆ ಬಂದ ಹೊಸ ಪಕ್ಷ ಎನ್.ಡಿ.ಪಿ.ಯ ಮೊದಲ ರಾಷ್ಟ್ರೀಯ ನಾಯಕರಾದರು, ನವೆಂಬರ್‌ನಲ್ಲಿ ಪ್ರೀಮಿಯರ್ ಕುರ್ಚಿ ಬಿಟ್ಟರು. ಏಟು ತಿಂದವರು ಅವರ ನಂತರ ಬಂದ ವುಡ್ರೋ ಲಾಯ್ಡ್. 1962ರ ಜುಲೈ 1ಕ್ಕೆ ಡಾಕ್ಟರ ಫೀಸಿನ ವಿಮೆ ಜಾರಿ, ಅದನ್ನು ವಿರೋಧಿಸಿ ಅದೇ ದಿನ ಬಹುಪಾಲು ಡಾಕ್ಟರುಗಳು ಬಾಗಿಲು ಹಾಕಿದರು. ಬ್ರಿಟನ್ನಿನಿಂದ ಡಾಕ್ಟರುಗಳನ್ನು ಕರೆಸಿದರು. ವಿರೋಧಿಗಳು ವಿಧಾನಸಭೆ ಮುಂದೆ ದೊಡ್ಡ ಸಭೆ ಕರೆದರು, ಅಂದುಕೊಂಡಷ್ಟು ಜನ ಬರಲಿಲ್ಲ. 23 ದಿನಕ್ಕೆ ಸಸ್ಕಟೂನ್‌ನಲ್ಲಿ ಒಪ್ಪಂದ ಆಯಿತು. ಡಾಕ್ಟರುಗಳು ಸರ್ಕಾರದ ಸಂಬಳದ ನೌಕರರಲ್ಲ, ಚಿಕಿತ್ಸೆಗೆ ಇಷ್ಟು ಅಂತ ಫೀಸು, ಅದನ್ನು ವಿಮೆ ಕೊಡುತ್ತದೆ. ಇವತ್ತಿಗೂ ಹೆಚ್ಚುಕಡಿಮೆ ಅದೇ ಪದ್ಧತಿ.

ನಮ್ಮ ಊರಲ್ಲಿ ಇನ್ನೂ ಹೇಳುತ್ತಾರೆ: ಟಾಮಿ ಬೀಜ ಬಿತ್ತಿದ, ಆಲಿಕಲ್ಲು ಮಳೆಗೆ ಲಾಯ್ಡ್ ಸಿಕ್ಕಿಹಾಕಿಕೊಂಡ.

ಲೆಕ್ಕದ_ಶ್ಯಾನುಭೋಗ
ಆ ಮಳೆಯಲ್ಲಿ ಡಗ್ಲಾಸ್ ಕೂಡ ನೆನೆದರು ಮೇಷ್ಟ್ರೇ. ಮುಷ್ಕರಕ್ಕೆ ಎರಡು ವಾರ ಮೊದಲು, ಜೂನ್ 18ರಂದು ಸಂಸತ್ ಚುನಾವಣೆ. ರೆಜೈನಾದಿಂದಲೇ ನಿಂತರು. ಹದಿನೇಳು ವರ್ಷ ಪ್ರಾಂತ್ಯ ಆಳಿದ ಊರಿನಲ್ಲೇ ದೊಡ್ಡ ಅಂತರದಲ್ಲಿ ಸೋತರು. ಸಿಟ್ಟೆಲ್ಲ ಅವರ ಮೇಲೇ ತೀರಿತು. ಆಮೇಲೆ ಪಕ್ಷದ ಒಬ್ಬ ಎಂಪಿ ಸೀಟು ಬಿಟ್ಟುಕೊಟ್ಟು, ಬ್ರಿಟಿಷ್ ಕೊಲಂಬಿಯಾದ ಬರ್ನಬಿ–ಕೊಕ್ವಿಟ್ಲಂ ಉಪಚುನಾವಣೆಯಲ್ಲಿ ಗೆದ್ದು ಒಟ್ಟಾವಾ ಸೇರಿದರು. 1968ರಲ್ಲಿ ಪಕ್ಕದ ಕ್ಷೇತ್ರದಲ್ಲಿ ಮತ್ತೆ ಸೋಲು, ಬರೀ 138 ಮತದಿಂದ. 1969ರಲ್ಲಿ ಇನ್ನೊಂದು ಉಪಚುನಾವಣೆ, ನನೈಮೊ ಕಡೆಯಿಂದ ಗೆಲುವು.

ಮಂಡ್ಯದ_ಬೆಲ್ಲ
ಅಯ್ಯೋ ಪಾಪ. ಹೊರಗಿನ ಊರವನು ಅಂತ ಯಾರೂ ಬೈಯಲಿಲ್ಲವಾ? ನಮ್ಮಲ್ಲಾಗಿದ್ದರೆ ಮೊದಲ ದಿನವೇ "ಹೊರಗಿನವನು" ಅಂತ ಬ್ಯಾನರ್.

ದಾವಣಗೆರೆ_ಬೆಣ್ಣೆದೋಸೆ
ಹಾಗಾದರೆ ಈ ವಿಮೆ ದೇಶಕ್ಕೆಲ್ಲ ಹೇಗೆ ಬಂತು? ಅವರು ಪ್ರಧಾನಿ ಆಗಲೇ ಇಲ್ಲವಲ್ಲ.

ಲೆಕ್ಕದ_ಶ್ಯಾನುಭೋಗ
ಆಗಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಆದರೆ 1963ರಿಂದ 68ರವರೆಗೆ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರದು ಬಹುಮತ ಇಲ್ಲದ ಸರ್ಕಾರ. ಡಗ್ಲಾಸ್ ಪಕ್ಷದ ಹದಿನೇಳೋ ಇಪ್ಪತ್ತೊಂದೋ ಸದಸ್ಯರಿಗೆ ಆಗ ಬೆಲೆ. ಜೊತೆಗೆ 1964ರಲ್ಲಿ ಆರೋಗ್ಯ ಸೇವೆ ಬಗ್ಗೆ ಕೇಂದ್ರ ನೇಮಿಸಿದ್ದ ಎಮ್ಮೆಟ್ ಹಾಲ್ ಆಯೋಗ "ಸಸ್ಕಾಚೆವಾನ್ ಮಾದರಿ ದೇಶಕ್ಕೆಲ್ಲ ಆಗಲಿ" ಅನ್ನುವ ಅರ್ಥದ ವರದಿ ಕೊಟ್ಟಿತು. 1966ರಲ್ಲಿ ಕಾನೂನು, 1968ರ ಜುಲೈನಿಂದ ಹಣ, 1972ರ ಹೊತ್ತಿಗೆ ದೇಶ ಪೂರ್ತಿ.

ಇದು ನನಗೆ ಬಹಳ ಇಷ್ಟ. ಅಧಿಕಾರ ಇದ್ದದ್ದು ಚಿಕ್ಕ ಮನೆಯಲ್ಲಿ, ಅಲ್ಲಿ ಮಾಡಿ ತೋರಿಸಿದರು. ದೊಡ್ಡ ಮನೆಯಲ್ಲಿ ಅಧಿಕಾರ ಇರಲಿಲ್ಲ, ಆದರೆ "ಆಗಲ್ಲ" ಅಂತ ಹೇಳುವ ಬಾಯಿ ಮುಚ್ಚಿಸಲು ಉದಾಹರಣೆ ಇತ್ತು. ಮೊದಲ ಒಂಬತ್ತು ವರ್ಷ ಇಲ್ಲದಿದ್ದದ್ದು ಅದೇ.

ಬೆಂಗಳೂರು_ಟು_ಬ್ರಾಂಪ್ಟನ್
ಎರಡೂ ಕಡೆ ಇದ್ದವರೆಲ್ಲ ಹೀಗೆ ಆಗಲ್ಲ. ಬಾಬ್ ರೇ: 1978ರಲ್ಲಿ ಎನ್.ಡಿ.ಪಿ. ಎಂಪಿ, 1990ರಲ್ಲಿ ಒಂಟಾರಿಯೊ ಪ್ರೀಮಿಯರ್, ಐದೇ ವರ್ಷಕ್ಕೆ ಮನೆಗೆ. 2008ರಲ್ಲಿ ಲಿಬರಲ್ ಎಂಪಿಯಾಗಿ ಮತ್ತೆ ಒಟ್ಟಾವಾ. ಪಂಜಾಬಿನಲ್ಲಿ ಹುಟ್ಟಿದ ಉಜ್ಜಲ್ ದೋಸಾಂಜ್ 2000ದಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರೀಮಿಯರ್, 2001ರಲ್ಲಿ ಅವರ ಪಕ್ಷಕ್ಕೆ ಸಿಕ್ಕಿದ್ದು 79ರಲ್ಲಿ 2 ಸೀಟು, ತಾವೂ ಸೋತರು. 2004ರಲ್ಲಿ ಲಿಬರಲ್ ಎಂಪಿ, ಕೇಂದ್ರದ ಆರೋಗ್ಯ ಮಂತ್ರಿ! ಅಂದಹಾಗೆ ನಮ್ಮ ಶಿರಾದ ಚಂದ್ರ ಆರ್ಯ 2022ರಲ್ಲಿ ಅದೇ ಸಂಸತ್ತಿನಲ್ಲಿ ಕನ್ನಡ ಮಾತಾಡಿದ್ದರು. ಅವರು ಪ್ರಾಂತ್ಯದ ಕಡೆ ಇರಲಿಲ್ಲ ಬಿಡಿ, ಸುಮ್ನೆ ಖುಷಿಗೆ ಹೇಳಿದೆ.

ಖಡಕ್_ರೊಟ್ಟಿ
ಸರಿ, ಮುಷ್ಕರದ ವಿಷಯದಲ್ಲಿ ನನ್ನದು ತಪ್ಪು. ಒಪ್ಪಿದೆ. ಆದರೆ 1933ರ ಎಂಎ ಪ್ರಬಂಧ? ದಡ್ಡರು, ರೋಗಿಗಳು ಅನ್ನಿಸಿಕೊಂಡವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಬೇಕು ಅಂತ ಬರೆದ ಮನುಷ್ಯ ಇವರೇ. ಅದನ್ನೂ ಚಾರ್ಟಿನಲ್ಲಿ ಹಾಕುತ್ತೀರಾ?

ವೆಯ್ಬರ್ನ್_ಮೇಷ್ಟ್ರು
ಹಾಕಬೇಕು. ಅದು ನಿಜ, ಮುಚ್ಚಿಡಲು ಆಗಲ್ಲ. ಆ ಕಾಲದಲ್ಲಿ ಪಕ್ಕದ ಆಲ್ಬರ್ಟಾದಲ್ಲಿ 1928ರಿಂದಲೇ ಅಂಥ ಕಾನೂನಿತ್ತು. ಹಾಗಂತ ಸರಿ ಆಗುವುದಿಲ್ಲ. ಆದರೆ ಮುಂದಿನದನ್ನೂ ಬರೆಯಿರಿ: ಕೈಯಲ್ಲಿ ಆರೋಗ್ಯ ಖಾತೆ ಬಂದಾಗ ಅಂಥ ಕಾನೂನು ತರಲು ಸಲಹೆ ಬಂದರೂ ತರಲಿಲ್ಲ.

ಕಾನೂನು_ಕಟ್ಟೆ
1970 ಬಿಡಬೇಡಿ. ಕ್ವಿಬೆಕ್‌ನಲ್ಲಿ ಅಪಹರಣಗಳಾದಾಗ ಪ್ರಧಾನಿ ಪಿಯರ್ ಟ್ರುಡೊ ಯುದ್ಧಕಾಲದ ಕಾನೂನು ಜಾರಿ ಮಾಡಿ, ವಾರಂಟ್ ಇಲ್ಲದೆ ನೂರಾರು ಜನರನ್ನು ಹಿಡಿಸಿದರು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಸಂಸತ್ತಿನಲ್ಲಿ ಪರ 190, ವಿರೋಧ 16. ಆ 16ರಲ್ಲಿ ಡಗ್ಲಾಸ್ ಒಬ್ಬರು. ಶೇಂಗಾ ಒಡೆಯಲು ದೊಡ್ಡ ಸುತ್ತಿಗೆ ಯಾಕೆ ಅಂತ ಕೇಳಿದರು. ಇಲಿ ಬಂತು ಅಂತ ಮನೆಗೆ ಬೆಂಕಿ ಇಟ್ಟ ಹಾಗೆ ಅನ್ನುತ್ತೇವಲ್ಲ, ಅದೇ. ನಮ್ಮ ತಂದೆ 1975ರ ತುರ್ತುಪರಿಸ್ಥಿತಿ ನೋಡಿದವರು, ಅವರಿಗೆ ಈ ಕತೆ ಹೇಳಿದರೆ ಕುರ್ಚಿ ಮುಂದೆ ಎಳೆದುಕೊಂಡು ಕೂತರು.

ಕರಾವಳಿ_ಕೋರಿರೊಟ್ಟಿ
ಇಲಿ ಅಂದಿರಲ್ಲ, ಡಗ್ಲಾಸ್ ಭಾಷಣದಲ್ಲಿ ಹೇಳುತ್ತಿದ್ದ ಇಲಿಗಳ ಕತೆ ಮಗುವಿಗೆ ಹೇಳಿ. ಒಂದು ಇಲಿಗಳ ನಾಡು. ಚುನಾವಣೆ ಬಂದಾಗಲೆಲ್ಲ ಇಲಿಗಳು ಕರಿ ಬೆಕ್ಕುಗಳನ್ನು ಗೆಲ್ಲಿಸುತ್ತವೆ. ಬೆಕ್ಕುಗಳು ಒಳ್ಳೆ ಕಾನೂನೇ ಮಾಡುತ್ತವೆ, ಬೆಕ್ಕುಗಳಿಗೆ ಒಳ್ಳೇದು! ಬಿಲ ದುಂಡಗಿರಬೇಕು, ಬೆಕ್ಕಿನ ಕಾಲು ಹೋಗುವಷ್ಟು ದೊಡ್ಡದಿರಬೇಕು ಅಂತ. ಬೇಜಾರಾಗಿ ಇಲಿಗಳು ಬಿಳಿ ಬೆಕ್ಕಿಗೆ ವೋಟ್ ಹಾಕುತ್ತವೆ. ಇನ್ನೂ ಕೆಟ್ಟದಾಗುತ್ತದೆ. ಕೊನೆಗೆ ಒಂದು ಪುಟ್ಟ ಇಲಿ "ನಮ್ಮ ಇಲಿಗಳನ್ನೇ ಗೆಲ್ಲಿಸಿದರೆ ಹೇಗೆ?" ಅನ್ನುತ್ತದೆ. ಹಿಡಿದು ಜೈಲಿಗೆ ಹಾಕುತ್ತಾರೆ. ಕತೆ ಮೂಲತಃ ಇನ್ನೊಬ್ಬ ಎಂಪಿ ಕ್ಲಾರೆನ್ಸ್ ಗಿಲ್ಲಿಸ್ ಅವರದು, ಹೆಸರು ಬಂದದ್ದು ಡಗ್ಲಾಸ್‌ಗೆ.

ಹುಬ್ಬಳ್ಳಿ_ಗಿರ್ಮಿಟ್
ಎಷ್ಟು ಚೆಂದ ಐತಿ! ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ನಾವು ಬರೇ ಕೇಳ್ಕೊಂತ ಕುಂತೀವಿ.

ಶಿರಸಿ_ರೆಜೈನಾ
ಎಲ್ಲರಿಗೂ ಥ್ಯಾಂಕ್ಸ್. ಇಲ್ಲಿ ಓದಿದ್ದನ್ನೆಲ್ಲ ಅವಳಿಗೆ ಹೇಳಿದೆ. ಪ್ರಬಂಧದ ವಿಷಯವನ್ನೂ ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನೆ ಕೂತಳು, ಆಮೇಲೆ "ಅದನ್ನ ಕೆಂಪು ಪೆನ್ನಲ್ಲಿ ಬರೀತೀನಿ" ಅಂದಳು. ಈಗ ಚಾರ್ಟಿನ ಮಧ್ಯೆ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡ ಒಂದು ಇಲಿ ಇದೆ, ಒಂದು ಕಾಲಿಗೆ ಬ್ಯಾಂಡೇಜು. 1944ರ ಪಕ್ಕದಲ್ಲಿ "ಡಿಮೋಷನ್?" ಅಂತ ಬರೆದದ್ದನ್ನು ಅಳಿಸಿ "ಬೀಗದ ಕೈ" ಅಂತ ಕನ್ನಡದಲ್ಲೇ ಬರೆದಿದ್ದಾಳೆ. ಟೀಚರ್‌ಗೆ ಅರ್ಥ ಆಗಲ್ಲ ಅಂದೆ. ನಾನೇ ಹೇಳ್ತೀನಿ ಅಂದಳು.

ಲೆಕ್ಕದ_ಶ್ಯಾನುಭೋಗ
ಫೈನ್ಸ್ ಹೆಸರು ಹಾಕಿದಳಾ?

ಶಿರಸಿ_ರೆಜೈನಾ
ಹಾಕಿದ್ದಾಳೆ ಸರ್. ಇಲಿಯ ಕೈಲಿ ಒಂದು ಡಬ್ಬಿ ಕೊಟ್ಟು ಅದರ ಮೇಲೆ.